ಉಸಿರಾಡುವ ಬಾಟಲಿ, ಆರಿದ ಸಾರು

ಮಂಜಮ್ಮ: ಅಮ್ಮಾವ್ರೇ, ಬಾಟ್ಲಿ ಮುಚ್ಚಳ ಹಾಕೋದು ಮರ್ತಿದ್ದೀರಿ.

ಸುಮಾ: ಮರೆತಿಲ್ಲ ಕಣೇ. ರೆಡ್ ವೈನು ಅರ್ಧ ಗಂಟೆ ಉಸಿರಾಡ್ಬೇಕು.

ಮಂಜಮ್ಮ: ಆಡ್ಲಿ ಬಿಡಿ. ಯಜಮಾನ್ರು ಮಾತ್ರ ಉಸಿರು ಬಿಗಿಹಿಡ್ದು ಕುಂತವ್ರೆ. ಊಟಕ್ಕೆ ಬಡಿಸ್ಲಾ?

ಸುಮಾ: ಮುಟ್ಬೇಡ! ಬಸ್ಸಾರಿನ ಫೋಟೊ ಇನ್ನೂ ಆಗಿಲ್ಲ. ಇಲ್ನೋಡು, ಗ್ಲಾಸಿನೊಳಗೆ ಗೆರೆಗೆರೆಯಾಗಿ ಇಳೀತಿದ್ಯಲ್ಲ, ಅದಕ್ಕೆ ವೈನಿನ ಕಾಲು ಅಂತಾರೆ.

ಮಂಜಮ್ಮ: ಓ! ಕುಡ್ದೋರ ಕಾಲು ಎಲ್ಲೋಯ್ತವೋ ಅಂದ್ಕಂಡಿದ್ದೆ. ಇಲ್ಲಿಳ್ಕಂಡವೆ!

ಸುಮಾ: ಮೊದ್ಲು ಮೂಸಬೇಕು, ಆಮೇಲೆ ಬಾಯಲ್ಲಿ ಆಡಿಸ್ಬೇಕು. ದೊಡ್ಡ ದೊಡ್ಡ ಪರಿಣತರು ಉಗಿದೂ ಬಿಡ್ತಾರೆ.

ಮಂಜಮ್ಮ: ನಮ್ಮನೇಲೂ ಹಂಗೇಯ. ಅವ್ನು ಕುಡೀತಾನೆ, ಊರೋರು ಉಗೀತಾರೆ.

ಸುಮಾ: ಥೂ, ಅದೂ ಇದೂ ಒಂದೇನಾ? ಇದು ನಂದಿ ಬೆಟ್ಟದ ತಪ್ಪಲಿನ ದ್ರಾಕ್ಷಿದು. 16 ಡಿಗ್ರಿಗಿಟ್ಟು ಬಡಿಸಬೇಕು.

ಮಂಜಮ್ಮ: ಸಾರ್ನಾ?

ಸುಮಾ: ವೈನನ್ನ!

ಮಂಜಮ್ಮ: ಸಾರೂ ಅಷ್ಟಕ್ಕೇ ಬಂದೈತೆ, ಅದ್ಕೇ ಕೇಳ್ದೆ.

ರಾಯರು (ಒಳಗಿನಿಂದ): ಮಂಜಮ್ಮಾ, ಇವತ್ತು ನಿಮ್ಮನೇಲಿ ಏನಡಿಗೆ?

ಮಂಜಮ್ಮ: ಮುದ್ದೆ, ಉಪ್ಸಾರು ಸ್ವಾಮಿ. ಬೇಗ ಬಂದ್ಬುಡಿ, ನಮ್ಮನೆ ಮುದ್ದೆ ಫೋಟೊಕ್ಕೆಲ್ಲ ಕೂರಾಕಿಲ್ಲ!