ರೆಪ್ಪೆ ಯಾವಾಗ ಬಿತ್ತು?

"ಸಿಸ್ಟರಮ್ಮಾರ, ನಮ್ಮನಿಯವ್ರ ಎಡಗಣ್ಣಿನ ರೆಪ್ಪಿ ಜೋತು ಬಿದ್ದಂಗ ಆಗೈತ್ರಿ. ನಿದ್ದಿ ಸಾಲದ ಹಂಗಾಗೈತೇನು?"

ಕಾಂಪೌಂಡ್ ಗೋಡೆಯ ಆಚೆ ಪಕ್ಕದ ಮನೆಯ ಅಕ್ಕಾರು ಒಣಗಿದ ಬಟ್ಟೆ ತೆಗೆಯುತ್ತಾ ಕೇಳಿದರು. ನಾನು ಆಸ್ಪತ್ರೆ ಕೆಲಸದಿಂದ ನಿವೃತ್ತಳಾದ ಮೇಲೆ ಸಂಡೂರಿನ ನಮ್ಮ ಓಣಿಯವರು ಮೈಯ ಸಂಕಟವನ್ನೆಲ್ಲ ಈ ಗೋಡೆಯ ಹತ್ತಿರವೇ ಹೇಳಿಕೊಳ್ಳುತ್ತಾರೆ. ಔಷಧಿ ಹೇಳುವುದು ನನ್ನ ಕೆಲಸವಲ್ಲ. ಯಾವುದಕ್ಕೆ ಸೋಮವಾರ ಹೋದರೂ ನಡೆಯುತ್ತದೆ, ಯಾವುದಕ್ಕೆ ಉಟ್ಟ ಬಟ್ಟೆಯಲ್ಲೇ ಹೊರಡಬೇಕು, ಅಷ್ಟನ್ನು ಹೇಳುತ್ತೇನೆ. ಜೋತುಬಿದ್ದ ರೆಪ್ಪೆಗೆ ನಾನು ಮೊದಲು ಕೇಳುವುದು ಒಂದೇ ಮಾತು: ಯಾವಾಗಿಂದ?

"ಯಾರು ನೋಡ್ಯಾರ್ರಿ? ನನ್ನ ಕಣ್ಣಿಗೆ ಬಿದ್ದಿದ್ದು ಮೊನ್ನಿ."

"ಹಂಗಾರ ಅವ್ರ ಆಧಾರ್ ಕಾರ್ಡ್ ತರ್ರಿ. ಮದುವಿ ಫೋಟೋನೂ ತರ್ರಿ."

ನರರೋಗದ ಡಾಕ್ಟರುಗಳೂ ಹಳೆ ಫೋಟೋ ಕೇಳುತ್ತಾರೆ. ದಿನಾ ನೋಡುವ ಮುಖದಲ್ಲಿ ಆದ ಬದಲಾವಣೆ ಮನೆಯವರಿಗೆ ತಿಳಿಯುವುದಿಲ್ಲ, ಫೋಟೋದಲ್ಲಿ ತಿಳಿಯುತ್ತದೆ. ಹತ್ತು ವರ್ಷದ ಹಿಂದಿನ ಫೋಟೋದಲ್ಲೇ ರೆಪ್ಪೆ ತುಸು ಇಳಿದಿದ್ದರೆ ಅದು ಬಹುಮಟ್ಟಿಗೆ ವಯಸ್ಸಿನ ಕೆಲಸ. ರೆಪ್ಪೆ ಎತ್ತುವ ಸ್ನಾಯುವಿನ ತುದಿ ಸಡಿಲಾಗಿ ಜಾರಿರುತ್ತದೆ. ಅಂಥವರು ಗೊತ್ತಿಲ್ಲದೆ ಹುಬ್ಬು ಎತ್ತಿ ಎತ್ತಿ ನೋಡುತ್ತಾರೆ, ಹಣೆ ತುಂಬ ಗೆರೆ ಬಿದ್ದಿರುತ್ತವೆ. ರೆಪ್ಪೆ ಪಾಪೆಗೇ ಅಡ್ಡ ಬಂದರೆ ಆಪರೇಷನ್ ಇದೆ. ಗಾಬರಿಯ ಮಾತಲ್ಲ.

ಅಕ್ಕಾರು ತಂದ ಫೋಟೋಗಳಲ್ಲಿ ಎರಡೂ ಕಣ್ಣು ಸರಿಯಾಗಿದ್ದವು. ಅಂದರೆ ಇದು ಈಚಿನದು. "ಮುಂಜಾನಿ ಹೆಂಗಿರ್ತೈತ್ರಿ?" ಅಂದೆ. "ಮುಂಜಾನಿ ಏನೂ ಇರಂಗಿಲ್ಲ. ಸಂಜಿಗೆ ಟೀವಿ ಮುಂದ ಕುಂತಾಗ ಪೂರಾ ಇಳೀತೈತಿ." ಆಗ ನಾನು ಕುರ್ಚಿ ಎಳೆದುಕೊಂಡು ಕೂತೆ. ರಸ್ತೆಯಲ್ಲಿ ಒಂದು ಅದಿರು ಲಾರಿ ಎರಡಾಗಿ ಕಾಣುತ್ತದೆಯೇ? ಎರಡನೇ ರೊಟ್ಟಿ ಅಗಿಯುವ ಹೊತ್ತಿಗೆ ದವಡೆ ಸೋಲುತ್ತದೆಯೇ? ಮಾತಾಡುತ್ತಾ ಹೋದಂತೆ ದನಿ ಮೂಗಿನಿಂದ ಬರುತ್ತದೆಯೇ? ದವಡೆಯ ಮಾತಿಗೆ ಅಕ್ಕಾರು ಹೌದೆಂದರು.

ಯಜಮಾನರನ್ನೇ ಕರೆಸಿದೆವು. ತಲೆ ಎತ್ತದೆ, ಬರೀ ಕಣ್ಣು ಮೇಲೆ ಮಾಡಿ ಹೊಸ್ತಿಲ ಮೇಲಿನ ತೋರಣ ನೋಡುತ್ತಿರಿ ಎಂದೆ. ಮೊದಲು ಎರಡೂ ರೆಪ್ಪೆ ಸಮವಾಗಿದ್ದವು. ನೋಡುತ್ತಿದ್ದಂತೆ ಎಡಗಡೆಯದು ಸಣ್ಣಗೆ ನಡುಗಿ, ಕೂದಲೆಳೆಯಷ್ಟು ಇಳಿದು, ಮತ್ತೆ ಏರಲು ನೋಡಿ, ಕೊನೆಗೆ ಪಾಪೆಯ ಅರ್ಧದ ತನಕ ಬಂದು ನಿಂತಿತು. ಅವರು ಕಣ್ಣು ಮುಚ್ಚಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ ಮತ್ತೆ ಮೇಲೇರಿತು. ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಐಸ್ ಇಟ್ಟು ನೋಡುವ ಪರೀಕ್ಷೆಯೂ ಇದೆ, ನನ್ನ ಮನಸ್ಸಿನಲ್ಲಿದ್ದ ಕಾಯಿಲೆಯಾದರೆ ತಂಪಿಗೆ ರೆಪ್ಪೆ ಏಳುತ್ತದೆ. ಅದನ್ನು ಡಾಕ್ಟರೇ ಮಾಡಲಿ ಎಂದು ಬಳ್ಳಾರಿಗೆ ಹೋಗಲು ಹೇಳಿದೆ.

ಹೀಗೆ ದಣಿದಂತೆಲ್ಲ ಸ್ನಾಯು ಸೋಲುವ ಆ ಕಾಯಿಲೆಗೆ ಮಯಸ್ತೇನಿಯಾ ಗ್ರೇವಿಸ್ ಅನ್ನುತ್ತಾರೆ. ಅಮಿತಾಭ್ ಬಚ್ಚನ್‌ಗೆ 1980ರ ದಶಕದಲ್ಲಿ ಕಾಣಿಸಿಕೊಂಡಿದ್ದೂ ಇದೇ. ನರದ ತುದಿಯಿಂದ ಅಸಿಟೈಲ್‌ಕೋಲೀನ್ ಎಂಬ ರಸ ಹೊರಟು ಸ್ನಾಯುವಿನ ಮೇಲಿನ ಗ್ರಾಹಿಗಳನ್ನು ಮುಟ್ಟಿದರೆ ಸ್ನಾಯು ಎಳೆಯುತ್ತದೆ. ಈ ಕಾಯಿಲೆಯಲ್ಲಿ ನಮ್ಮ ರಕ್ತದ ರಕ್ಷಣಾ ಪಡೆಯೇ ತಪ್ಪಿ ಆ ಗ್ರಾಹಿಗಳ ಮೇಲೆ ಬೀಳುತ್ತದೆ. ಬೀಗದ ತೂತಿಗೆ ಮೇಣ ತುಂಬಿದರೆ ಕೀಲಿಕೈ ಏನು ಮಾಡೀತು? ರೆಪ್ಪೆ ಎತ್ತುವುದು ದಿನವಿಡೀ ಬಿಡುವಿಲ್ಲದೆ ದುಡಿಯುವ ಸಣ್ಣ ಸ್ನಾಯು, ಹಾಗಾಗಿ ಸೋಲು ಸಾಮಾನ್ಯವಾಗಿ ಮೊದಲು ಅಲ್ಲೇ ಕಾಣುತ್ತದೆ. 1934ರಲ್ಲಿ ಲಂಡನ್ನಿನ ಗ್ರೀನಿಚ್ ಆಸ್ಪತ್ರೆಯ ಡಾಕ್ಟರ್ ಮೇರಿ ವಾಕರ್, ಈ ರೋಗಿಗಳು ಕುರಾರೆ ಎಂಬ ಬಾಣದ ವಿಷ ತಗಲಿದವರ ಹಾಗೇ ಇದ್ದಾರಲ್ಲ ಎಂದು ಯೋಚಿಸಿ ಆ ವಿಷಕ್ಕೆ ಕೊಡುವ ಔಷಧಿಯನ್ನೇ ಕೊಟ್ಟರು. ಬಿದ್ದ ರೆಪ್ಪೆ ಎದ್ದಿತು. ಈಗ ಕೊಡುವ ಮಾತ್ರೆಗಳೂ ಆ ವಂಶದವೇ. ಒಂದು ಎಚ್ಚರಿಕೆ: ಕೆಲವು ಆಂಟಿಬಯಾಟಿಕ್‌ಗಳು ಈ ಕಾಯಿಲೆಯನ್ನು ಕೆರಳಿಸುತ್ತವೆ. ಜ್ವರಕ್ಕೆ ಹೋದರೂ, ಹಲ್ಲಿಗೆ ಹೋದರೂ ಇದನ್ನು ಮೊದಲು ಹೇಳಬೇಕು.

ತೊಂದರೆ ಆ ಗ್ರಾಹಿಗಳಲ್ಲೇ ಇದೆ ಅಂತ ತಿಳಿಯಲು ನೆರವಾದದ್ದು ಹಾವು. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಎಂಬ ವಿಜ್ಞಾನಿಗಳು ಅಲ್ಲಿನ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್ ಬೇರ್ಪಡಿಸಿದರು. ಅದು ಆ ಗ್ರಾಹಿಗಳಿಗೇ ಹೋಗಿ ಅಂಟುತ್ತದೆ. ಅದನ್ನೇ ಗುರುತಾಗಿಟ್ಟುಕೊಂಡು 1973ರಲ್ಲಿ ಎಣಿಸಿದಾಗ ಮಯಸ್ತೇನಿಯಾ ರೋಗಿಗಳಲ್ಲಿ ಗ್ರಾಹಿಗಳು ಕಡಿಮೆ ಇರುವುದು ಗೊತ್ತಾಯಿತು.

ಹಾವಿನ ಹೆಸರು ಎತ್ತಿದ್ದೇ ತಡ, ಅಕ್ಕಾರು ಕೈ ಮುಗಿದು "ಕುಮಾರಸ್ವಾಮಿ, ಕಾಪಾಡಪ್ಪ" ಅಂದರು. ಸಂಡೂರಿನವರ ಬಾಯಲ್ಲಿ ಬೆಟ್ಟದ ಸ್ವಾಮಿ ಬರುವುದು ಸಹಜ, ಹರಕೆಯನ್ನು ನಾನು ಬೇಡ ಅನ್ನುವುದಿಲ್ಲ. ಹರಕೆ ತೀರಿಸಲು ಮನುಷ್ಯ ಉಳಿಯಬೇಕು, ಅದಕ್ಕೆ ಆಸ್ಪತ್ರೆ ಮೊದಲು ಅನ್ನುತ್ತೇನೆ.

ರೆಪ್ಪೆ ಬೀಳಿಸುವುದರಲ್ಲಿ ಹಾವಿನ ಕಡಿತವೂ ಒಂದು. ನಮ್ಮ ಕಡೆಯ ಕಟ್ಟುಹಾವು ರಾತ್ರಿ ಓಡಾಡುವ ಪ್ರಾಣಿ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಇಲ್ಲ. ಬೆಳಗಿನ ಜಾವ ಹುಡುಗ ಎದ್ದು ಹೊಟ್ಟೆನೋವು ಅನ್ನುತ್ತಾನೆ, ವಾಂತಿ ಮಾಡುತ್ತಾನೆ. ರೆಪ್ಪೆ ಎರಡೂ ಅರ್ಧ ಇಳಿದಿರುತ್ತವೆ. ಮನೆಯವರು ರಾತ್ರಿ ಉಂಡದ್ದು ಜೀರ್ಣವಾಗಿಲ್ಲ, ನಿದ್ದೆ ಮುಗಿದಿಲ್ಲ ಅಂದುಕೊಂಡು ಓಂಕಾಳು ಕೊಟ್ಟು ಮತ್ತೆ ಮಲಗಿಸುತ್ತಾರೆ. ಆ ಮಲಗಿಸುವ ಒಂದೆರಡು ಗಂಟೆಯಲ್ಲೇ ಜೀವ ಹೋಗುವುದು. ರೆಪ್ಪೆಯ ಹಿಂದೆ ಗಂಟಲು, ಕುತ್ತಿಗೆ, ಕೊನೆಗೆ ಉಸಿರಾಡುವ ಸ್ನಾಯು ಸೋಲುತ್ತವೆ. ಕಣ್ಣು ತೆರೆಯಲಾಗದ, ಮಾತಾಡಲಾಗದ ಆ ಹುಡುಗನಿಗೆ ಸುತ್ತಲಿನವರ ಮಾತು ಕೇಳಿಸುತ್ತಿರುತ್ತದೆ. ಪಾಪೆ ಹಿಗ್ಗಿ ಅಲುಗಾಡದೆ ನಿಂತರೂ ಮೆದುಳು ಬದುಕಿರುತ್ತದೆ. ಹೊತ್ತಿಗೆ ಸರಿಯಾಗಿ ವೆಂಟಿಲೇಟರ್ ಸಿಕ್ಕರೆ ಅಂಥವರು ಎದ್ದು ಮನೆಗೆ ನಡೆದುಕೊಂಡು ಹೋಗುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತೇನೆ: ನೆಲದ ಮೇಲೆ ಮಲಗಿ ಎದ್ದವರಿಗೆ ಹೊಟ್ಟೆನೋವಿನ ಜೊತೆ ರೆಪ್ಪೆ ಬಿದ್ದಿದ್ದರೆ, ಹಾವು ಕಂಡಿರಲಿ ಬಿಡಲಿ, ಅದು ಹಾವಿನ ಕಡಿತ ಎಂದೇ ತಿಳಿದು ಹೊರಡಬೇಕು. ನಾಗರಹಾವು ಕಚ್ಚಿದರೂ ರೆಪ್ಪೆ ಬೀಳುತ್ತದೆ, ಅಲ್ಲಿ ನೋವು, ಬಾವು ಗುರುತು ಕೊಡುತ್ತವೆ. ಅದಕ್ಕೆ ವಿಷನಿವಾರಕ ಚುಚ್ಚುಮದ್ದಿನ ಜೊತೆಗೆ ನಿಯೋಸ್ಟಿಗ್ಮಿನ್ ಕೊಡುತ್ತಾರೆ, ಅದೂ ಮೇರಿ ವಾಕರ್ ಕೊಟ್ಟ ಔಷಧಿಯ ಬಳಗದ್ದೇ.

ಎಲ್ಲ ರೆಪ್ಪೆಗೂ ಹಾವು ಕಾರಣವಲ್ಲ. ಒಂದೇ ಕಣ್ಣಿನ ರೆಪ್ಪೆ ದಿಢೀರನೆ ಬಿದ್ದು, ಅದೇ ಕಣ್ಣಿನ ಪಾಪೆ ದೊಡ್ಡದಾಗಿ, ತಲೆ ಸಿಡಿದರೆ ಮೆದುಳಿನ ರಕ್ತನಾಳ ಉಬ್ಬಿ ನರವನ್ನು ಒತ್ತುತ್ತಿರಬಹುದು. ಬಾಯಿ ಒಂದು ಕಡೆ ಸೊಟ್ಟಗಾಗಿ ಕೈ ಸೋತರೆ ಪಾರ್ಶ್ವವಾಯು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ನಾಲ್ಕೂವರೆ ಗಂಟೆ, ಸಂಡೂರಿನಿಂದ ಬಳ್ಳಾರಿಯ ದಾರಿಯೂ ಅದರೊಳಗೇ ಸೇರಬೇಕು.

ಗಣಿಯ ಊರಿನವರು ರೆಪ್ಪೆ ಬೀಳುವುದನ್ನು ನೋಡಿದ ಹಾಗೆ ಬಡಿಯುವುದನ್ನೂ ನೋಡಬೇಕು. ನಮ್ಮ ದೇವಗಿರಿಯ ಬೆಟ್ಟದಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸ್ ಇದೆ. ಅದರ ಸಣ್ಣ ಧೂಳನ್ನು ವರ್ಷಾನುಗಟ್ಟಲೆ ವಿಪರೀತ ಉಸಿರಾಡಿದವರಲ್ಲಿ ರೆಪ್ಪೆ ಬಡಿತ ಕಡಿಮೆಯಾಗಿ, ಮುಖದ ಭಾವವೇ ಅಳಿಸಿಹೋಗಿ, ನಡಿಗೆ ತಪ್ಪುವ ಕಾಯಿಲೆಯನ್ನು ಗ್ಲಾಸ್ಗೋದ ಡಾಕ್ಟರ್ ಕೂಪರ್ 1837ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಧೂಳಿನಲ್ಲಿ ದುಡಿಯುವವರು ಉಗುರನ್ನೂ ನೋಡಿಕೊಳ್ಳಲಿ. ಎರಡೂ ಕೈಯ ತೋರುಬೆರಳನ್ನು ಉಗುರಿಗೆ ಉಗುರು ತಾಗಿಸಿ ಹಿಡಿದರೆ, ಬುಡದಲ್ಲಿ ವಜ್ರದ ಆಕಾರದ ಸಣ್ಣ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿ ಬೆರಳ ತುದಿ ಗುಂಡಗೆ ಉಬ್ಬಿದ್ದರೆ ಶ್ವಾಸಕೋಶ, ಹೃದಯ ಎರಡನ್ನೂ ತೋರಿಸಬೇಕು. ದಕ್ಷಿಣ ಆಫ್ರಿಕಾದ ಹೃದಯತಜ್ಞ ಲಿಯೋ ಶಾಮ್ರಾತ್ 1976ರಲ್ಲಿ ಇದನ್ನು ಬರೆದದ್ದು ತಮ್ಮದೇ ಬೆರಳು ನೋಡಿಕೊಂಡು. ಇನ್ನು ಹೆಣ್ಣುಮಕ್ಕಳು ಕೆಳರೆಪ್ಪೆ ಎಳೆದು ಕನ್ನಡಿ ನೋಡಿಕೊಳ್ಳಲಿ, ಒಳಗೆ ಕೆಂಪಿಲ್ಲದೆ ಬಿಳಿಚಿದ್ದರೆ ರಕ್ತ ಕಡಿಮೆ. ಬೆಟ್ಟದ ತುಂಬ ಕಬ್ಬಿಣವಿರುವ ಈ ಊರಿನಲ್ಲಿ ನಮ್ಮ ಸೊಸೆಯಂದಿರ ಮೈಯಲ್ಲಿ ಕಬ್ಬಿಣ ಸಾಲದಿರುವುದು ನನಗೆ ತುಂಬ ನೋವಿನ ಸಂಗತಿ.

ಮತ್ತೆ ಹಾವಿನ ಮಾತಿಗೆ ಬಂದರೆ, ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ನಮ್ಮ ಪಾಲಿನ ಕೆಲಸ ಮನೆಯಲ್ಲಿದೆ. ಮಳೆಗಾಲದಲ್ಲಿ ಹೊಲದ ಗುಡಿಸಲಲ್ಲೂ ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಕಡಿತವಾದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸಲು ಕೂರಬೇಡಿ. ಕೆಲವೇ ಗಂಟೆಗಳೊಳಗೆ ರೆಪ್ಪೆ ಬಿದ್ದವರನ್ನು ನಿದ್ದೆಗೆ ಬಿಟ್ಟು ಕಾಯದೆ 108ಕ್ಕೆ ಫೋನ್ ಮಾಡಿ.