ಧೂಮತ್ಯಾಗ ಮೀಮಾಂಸೆ

ಪೀಠಿಕೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕು ಎಂಬುದು ತರ್ಕಶಾಸ್ತ್ರಿಗಳು ಶಿಷ್ಯರಿಗೆ ಹೇಳಿಕೊಡುವ ಮೊದಲ ಪಾಠ. ಆ ಬೆಟ್ಟವು ಸೇದುವುದನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ಅವರು ವಿಚಾರಿಸಲಿಲ್ಲ. ಶಾಸ್ತ್ರದ ಈ ಕೊರತೆಯನ್ನು ತುಂಬಲೋಸುಗ, ಬೀಡಿ ಸಿಗರೇಟು ಬಿಡುವುದು ದೇಹಕ್ಕೆ ಹಿತವೋ ಅಹಿತವೋ ಎಂಬುದನ್ನು ನಾಲ್ಕು ಪ್ರಮಾಣಗಳಿಂದ ಇಲ್ಲಿ ಪರೀಕ್ಷಿಸಲಾಗಿದೆ.

ಪೂರ್ವಪಕ್ಷ

ಗೂಡಂಗಡಿಯ ಮುಂದೆ ನಿತ್ಯ ವಾದ ಹೂಡುವ ಪಂಡಿತರ ಬ್ರಹ್ಮಾಸ್ತ್ರ 'ಅಜ್ಜನ್ಯಾಯ'. "ನಮ್ಮಜ್ಜ ದಿನಾ ಒಂದು ಕಟ್ಟು ಬೀಡಿ ಸೇದಿ ತೊಂಬತ್ತು ವರ್ಷ ಗುಂಡುಕಲ್ಲಿನ ಹಾಗಿದ್ರು ಕಣಯ್ಯಾ!" ಐವತ್ತಕ್ಕೇ ಹೋದ ಅಜ್ಜಂದಿರು ಗೂಡಂಗಡಿಗೆ ಬಂದು ಸಾಕ್ಷಿ ನುಡಿಯುವ ಸ್ಥಿತಿಯಲ್ಲಿಲ್ಲದ ಕಾರಣ, ಈ ವಾದದಲ್ಲಿ ಪಂಡಿತರಿಗೆ ಸದಾ ಜಯ.

ಪ್ರತ್ಯಕ್ಷ

ಬಿಟ್ಟ ಕೆಲವೇ ದಿನಗಳಲ್ಲಿ ಮೂಗು ನಾಲಿಗೆಗಳು ಚುರುಕಾಗತೊಡಗುತ್ತವೆ. ಇದು ಗೃಹಶಾಂತಿಗೆ ಮಾರಕ. ಇಷ್ಟು ವರ್ಷ ತುಟಿಪಿಟಕ್ಕೆನ್ನದೆ ಉಂಡ ಯಜಮಾನರು ಹುಳಿಗೆ ಇಂಗು ಹೆಚ್ಚಾಯಿತೆಂದು ತಗಾದೆ ತೆಗೆಯುತ್ತಾರೆ. ಗೂಟದಲ್ಲಿ ನೇತಾಡುವ ಹಳೆಯ ಅಂಗಿಯನ್ನು ಮೂಸಿ, ಮುಖ ಕಿವುಚಿ, "ಯಾರದೇ ಇದು?" ಎನ್ನುತ್ತಾರೆ. "ನಿಮ್ಮದೇ ರೀ. ಇಷ್ಟು ವರ್ಷ ನಾನು ಒಗೆದದ್ದು ಇದನ್ನೇ."

ಅನುಮಾನ

ಹೊಗೆಯಿಲ್ಲದೆಯೂ ಬೆಂಕಿಯಿರಬಲ್ಲದು ಎಂಬುದಕ್ಕೆ ತಾರ್ಕಿಕರು ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ. ಸಿಗರೇಟು ಬಿಟ್ಟ ಮೊದಲ ವಾರದ ಗಂಡನನ್ನು ಅವರು ನೋಡಿರಲಿಕ್ಕಿಲ್ಲ. ನಿಕೋಟಿನ್ ಸಿಗದ ಮಿದುಳಿನ ಈ ಸಿಡುಕು, ಚಡಪಡಿಕೆ ಕೆಲವು ವಾರಗಳಲ್ಲಿ ಇಳಿಯುತ್ತವೆ. ಒಳಗಿನ ಲಾಭ ಅಷ್ಟು ಹೊತ್ತು ಕಾಯುವುದಿಲ್ಲ: ಕೊನೆಯ ಸಿಗರೇಟು ಆರಿದ 20 ನಿಮಿಷದಲ್ಲೇ ನಾಡಿಬಡಿತ, ರಕ್ತದೊತ್ತಡ ಇಳಿಮುಖ. ವರ್ಷ ತುಂಬುವಷ್ಟರಲ್ಲಿ ಹೃದ್ರೋಗದ ಅಪಾಯ ಸೇದುವವರದಕ್ಕಿಂತ ಸುಮಾರು ಅರ್ಧ. 10 ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರಿನದೂ ಸುಮಾರು ಅರ್ಧ.

ಉಪಮಾನ

ರಕ್ತದ ಹಿಮೋಗ್ಲೋಬಿನ್ ಒಂದು ಸರ್ಕಾರಿ ಬಸ್ಸು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡು ಕಿಟಕಿಯಿಂದಲೇ ಕರ್ಚೀಫು ಎಸೆದು ಸೀಟು ಹಿಡಿಯುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿ ಕೂರುವುದರಿಂದ, ಪಾಪ, ಟಿಕೆಟು ಪಡೆದ ಆಮ್ಲಜನಕ ಫುಟ್‌ಬೋರ್ಡಿನಲ್ಲೇ ಉಳಿಯುತ್ತದೆ. ಎರಡನೆಯ ಮಹಡಿಗೆ ಏದುಸಿರು ಬರಲು ಇದೂ ಒಂದು ಕಾರಣ. ಸೇದುವುದು ನಿಂತರೆ ಒಂದೆರಡು ದಿನದಲ್ಲಿ ಸೀಟು ಖಾಲಿ.

ಶಬ್ದ

ಶಾಸ್ತ್ರದಲ್ಲಿ ಶಬ್ದವೆಂದರೆ ಆಪ್ತವಾಕ್ಯ. ಸೇದುವವರ ಮನೆಯಲ್ಲಿ ಬೆಳಗಿನ ಕೆಮ್ಮು. ಯಜಮಾನರು ಎದ್ದರು, ಬಚ್ಚಲಿಗೆ ಹೋದರು, ಇನ್ನು ಕಾಫಿ ಬೆರೆಸಬಹುದು ಎಂಬ ಮೂರೂ ವಾರ್ತೆಗಳನ್ನು ಅಡುಗೆಮನೆಗೆ ತಲುಪಿಸುತ್ತಿದ್ದುದು ಅದೇ. ಬಿಟ್ಟ ಮೇಲೆ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಹಾಜರಾಗಿ ಕಫವನ್ನು ಗುಡಿಸತೊಡಗುವುದರಿಂದ, ಕೆಲವರಿಗೆ ಕೆಮ್ಮು ಮೊದಲು ತುಸು ಹೆಚ್ಚುವುದುಂಟು. 1ರಿಂದ 9 ತಿಂಗಳೊಳಗೆ ಅದು ತಗ್ಗುತ್ತದೆ. ಆಮೇಲೆ ಕಾಫಿ ಬೇಕಾದರೆ ಬಾಯಿಬಿಟ್ಟು ಕೇಳಬೇಕು.

ಸಿದ್ಧಾಂತ

ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ 1951ರಲ್ಲಿ ಬ್ರಿಟಿಷ್ ವೈದ್ಯರನ್ನೇ ಪರೀಕ್ಷೆಗೆ ಹಿಡಿದರು. ಡಾಲ್ ಅದಕ್ಕೂ ಮುಂಚೆಯೇ ತಮ್ಮ ಮೊದಲ ಅಧ್ಯಯನದ ಅಂಕಿಗಳನ್ನು ಕಂಡು ಸಿಗರೇಟು ಬಿಟ್ಟಿದ್ದರು. ಸಂಶೋಧಕನೇ ತನ್ನ ಪ್ರಬಂಧವನ್ನು ನಂಬಿದ ಅಪರೂಪದ ಪ್ರಸಂಗವಿದು. ಐವತ್ತು ವರ್ಷ ಬೆನ್ನುಹತ್ತಿ 2004ರಲ್ಲಿ ಪ್ರಕಟವಾದ ಫಲಿತಾಂಶ: ಬಿಡದೆ ಸೇದಿದವರು ಸೇದದವರಿಗಿಂತ ಸುಮಾರು 10 ವರ್ಷ ಮೊದಲೇ ಹೊರಟರು. 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ 6, 40ರಲ್ಲಿ 9, 30ರಲ್ಲಿ 10 ವರ್ಷ ವಾಪಸು. ಬಂದ ವರ್ಷಗಳಲ್ಲಿ ಮಾಡುವುದೇನು ಎಂದರೆ, ಗೂಡಂಗಡಿಯಲ್ಲಿ ಮೊಮ್ಮಕ್ಕಳು ಉದಾಹರಿಸಲು ಬೀಡಿ ಸೇದದೆ ಬದುಕಿದ ಅಜ್ಜನೂ ಒಬ್ಬ ಬೇಕಲ್ಲ.

ಫಲಶ್ರುತಿ

ಮುಹೂರ್ತದ ವಿಷಯದಲ್ಲಿ ಮತಭೇದವಿದೆ: ಯುಗಾದಿಯೆಂದು ಕೆಲವರು, ಸೋಮವಾರವೆಂದು ಹಲವರು, ಈ ಪ್ಯಾಕು ಮುಗಿದ ಮೇಲೆಂದು ಎಲ್ಲರೂ. ಒಬ್ಬರಿಂದಾಗದಿದ್ದರೆ 1800-11-2356ಕ್ಕೆ ಪುಕ್ಕಟೆ ಫೋನು ಮಾಡಿ ಸಲಹೆ ಕೇಳಬಹುದು, ಪಂಚಾಂಗ ಬೇಕಿಲ್ಲ. ಪುರಾಣಗಳಿಗಾದರೆ ಓದಿದರೂ ಪುಣ್ಯ, ಕೇಳಿದರೂ ಪುಣ್ಯ. ಈ ಗ್ರಂಥಕ್ಕೆ ಆ ಮಹಿಮೆಯಿಲ್ಲ. ಇದನ್ನೋದಿ ತಲೆದೂಗುತ್ತಾ ಒಂದು ಹಚ್ಚಿದವರಿಗೆ ಆ 20 ನಿಮಿಷ ಮತ್ತೆ ಸೊನ್ನೆಯಿಂದ.