ಹಿತ್ತಲ ಗಾಳಿ

ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ನಮ್ಮ ಮನೆಗೆ ಬರುವ ನೆಂಟರು ಕಡಂಬುಟ್ಟು ಮುರಿದು ಪಂದಿ ಕರಿಯಲ್ಲಿ ಅದ್ದುವಾಗ ಹಂದಿಯ ಬಗ್ಗೆ ಒಂದು ತಕರಾರೂ ಎತ್ತುವುದಿಲ್ಲ. ಕಾಚಂಪುಳಿ ಹದವಾಗಿ ಬಿದ್ದಿದೆಯೇ ಎಂಬಲ್ಲಿಗೆ ವಿಮರ್ಶೆ ಮುಗಿಯುತ್ತದೆ. ಹಿತ್ತಲ ಹಂದಿಗೂಡಿನ ಕಡೆಯಿಂದ ಗಾಳಿ ಬೀಸಿತೋ, ಎಲ್ಲರಿಗೂ ಏಕಕಾಲಕ್ಕೆ ಮನೆಯ ಕೆಲಸ ನೆನಪಾಗುತ್ತದೆ. ಈ ಸಲ ಭಾವ ಬಾಯಲ್ಲಿ ಎಲೆಅಡಿಕೆ ಇರುವಾಗಲೇ ಮೂಗಿಗೆ ಕರವಸ್ತ್ರ ಹಿಡಿದು, "ಇದೇನು ಭಾವ, ಹೊಸ ಅತ್ತರಾ?" ಅಂದರು.

ಅವರ ಜೀಪು ಅಂಗಳದ ಕೆಸರಿನಲ್ಲಿ ಹೂತಿತ್ತು. ಇಂಥ ಶ್ರೋತೃ ಮತ್ತೆ ಸಿಗುವುದಿಲ್ಲವೆಂದು ನಾನು ಪಾಠ ಶುರುಮಾಡಿದೆ. ಹಂದಿ ಸಗಣಿಯಲ್ಲಿ ಸಾರಜನಕ ಜಾಸ್ತಿ, ಇಂಗಾಲ ಕಡಿಮೆ. ಬರೀ ಅದನ್ನೇ ಗುಡ್ಡೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. "ನೀವೀಗ ಮೂಸುತ್ತಿರುವುದು ನಮ್ಮ ಕಾಫಿ ಗಿಡದ ಊಟ" ಅಂದೆ. ಭಾವನ ಮುಖದಲ್ಲಿ ಕೃತಜ್ಞತೆಯೇನೂ ಕಾಣಲಿಲ್ಲ.

ಇಂಗಾಲಕ್ಕೆ ತೋಟದಲ್ಲಿ ಬರವೇ? ತರಗೆಲೆ, ಒಣಹುಲ್ಲು, ಕಾಫಿ ಸಿಪ್ಪೆ, ಗರಗಸದ ಹೊಟ್ಟು ಎಲ್ಲವೂ ಆದೀತು. ಒಂದು ಪಾಲು ಸಾರಜನಕಕ್ಕೆ ಇಂಗಾಲ 25ರಿಂದ 30 ಪಾಲು ಇರಬೇಕೆನ್ನುತ್ತದೆ ಪುಸ್ತಕ. ಇದನ್ನು ತೂಗಿ ನೋಡುವವರಾರು? ಮೂಗೇ ನಮ್ಮ ತಕ್ಕಡಿ: ಘಾಟು ಹೊಡೆದರೆ ಇನ್ನೊಂದು ಬುಟ್ಟಿ ತರಗೆಲೆ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸೋರಬಾರದು. ಈ ಪರೀಕ್ಷೆ ಮಾಡಿದ ದಿನ ನನಗೆ ಹಿತ್ತಲ ಬಚ್ಚಲಿನಲ್ಲೇ ಸ್ನಾನ. ಟವೆಲ್ ಕೂಡ ದೂರದಿಂದ ಹಾರಿ ಬರುತ್ತದೆ.

ಚಳಿಯ ಬೆಳಗ್ಗೆ ರಾಶಿಯನ್ನು ಮಗುಚುವ ಸುಖವೇ ಬೇರೆ. ಒಳಗಿಂದ ಬುಸ್ಸೆಂದು ಆವಿ ಎದ್ದು ಕನ್ನಡಕ ಮಸುಕಾಗುತ್ತದೆ, ಗುದ್ದಲಿಯ ಬಾಯಿ ಮುಟ್ಟಿದರೆ ಬಿಸಿ. ಸೂಕ್ಷ್ಮಜೀವಿಗಳು ಕಡ್ಡಿ ಗೀರದೆ ಹಚ್ಚಿದ ಒಲೆ ಅದು. 55 ಡಿಗ್ರಿ ದಾಟಿ ಕೆಲವು ದಿನ ನಿಂತರೆ ರೋಗಾಣು, ಜಂತುಹುಳದ ಮೊಟ್ಟೆ, ಕಳೆಬೀಜಗಳ ಕಥೆ ಬಹುಮಟ್ಟಿಗೆ ಮುಗಿದಂತೆ. ಅಂಚಿನಲ್ಲಿದ್ದದ್ದು ತಣ್ಣಗೇ ಉಳಿದಿರುತ್ತದೆ, ಅದನ್ನು ನಡುವಿಗೆ ತಳ್ಳಬೇಕು. ಮೇಲೊಂದು ಮಾಡೂ ಬೇಕು. ಇಲ್ಲದಿದ್ದರೆ ನಮ್ಮ ಆಷಾಢದ ಮಳೆ ಸಾರವನ್ನೆಲ್ಲ ತೊಳೆದು ಹೊಳೆಗೆ ಒಪ್ಪಿಸುತ್ತದೆ. ಹದಕ್ಕೆ ಬಂದ ಗೊಬ್ಬರ ಕಪ್ಪಗೆ ಪುಡಿಪುಡಿಯಾಗಿ, ಮೊದಲ ಮಳೆಗೆ ನೆನೆದ ಮಣ್ಣಿನ ಹಾಗೆ ಘಮ್ಮೆನ್ನುತ್ತದೆ.

ಇದೇ ಸಗಣಿಯನ್ನು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸಿದರೆ ಮೀಥೇನ್ ಸಿಗುತ್ತದೆ, ಒಲೆ ಉರಿಯುತ್ತದೆ. ಉಳಿದ ಬಗ್ಗಡ ತೋಟಕ್ಕೆ. ಗ್ಯಾಸ್ ತೊಟ್ಟಿ ಕಟ್ಟಿಸುವ ಮಾತೆತ್ತಿದಾಗ ಅಮ್ಮ ಬಹಳ ಹೊತ್ತು ಯೋಚಿಸಿದರು. "ಸ್ನಾನಕ್ಕೆ ನೀರು ಬೇಕಾದರೆ ಕಾಯಿಸಿಕೊ, ಹಾಲು ಮಾತ್ರ ಇಡಬೇಡ" ಅಂದರು.